ಪಾಸ್‌ಔಟ್ ಅಂದ್ರೆ ಏನು ಅಕ್ಕ?

"ವೆರಿ ಗುಡ್, ಮೇಡಂ." ಸೋಮವಾರದಿಂದ ಈ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ.

ಚಿಕ್ಕಮಗಳೂರು ಕಡೆಯ ಕೈಮರ ಅನ್ನುವ ಊರಿನ ಹತ್ತಿರದ ನಮ್ಮ ಹೋಂಸ್ಟೇಗೆ ಇಂಗ್ಲೆಂಡಿನಿಂದ ವಯಸ್ಸಾದ ಗಂಡ ಹೆಂಡತಿ ಬಂದಿದ್ದರು. ಅವತ್ತು ತಿಂಡಿ ತಿನ್ನದೆ ಮುಳ್ಳಯ್ಯನಗಿರಿಗೆ ಹೋದರು. 1,930 ಮೀಟರ್ ಎತ್ತರ. ಮೇಲೆ ತಣ್ಣನೆ ಗಾಳಿ ಬೀಸುತ್ತಿರುತ್ತದೆ, ಬಿಸಿಲು ಎಷ್ಟು ಬಡಿಯಿತು ಅಂತ ಗೊತ್ತೇ ಆಗುವುದಿಲ್ಲ. ಅವರು ವಾಪಸ್ ಬಂದಾಗ ನಾನು ಕಣದಲ್ಲಿ ಕಾಳುಮೆಣಸು ಹರಡುತ್ತಿದ್ದೆ. ಆಕೆ ಜಗಲಿಯಿಂದ ಓಡಿ ಬಂದು ನಮ್ಮಲ್ಲಿ ಕೆಲಸಕ್ಕಿರುವ ಹುಡುಗಿಗೆ ಹೇಳಿದರು: "ಮೈ ಹಸ್ಬೆಂಡ್ ಹ್ಯಾಸ್ ಪಾಸ್ಡ್ ಔಟ್!"

ಹುಡುಗಿ ನಕ್ಕು ಹೇಳಿದಳು, "ವೆರಿ ಗುಡ್, ಮೇಡಂ."

ಆಕೆ ಅದೇ ಮಾತನ್ನು ಇನ್ನೂ ಜೋರಾಗಿ ಹೇಳಿದರು. ಹುಡುಗಿಯ ನಗು ಅರ್ಧಕ್ಕೆ ನಿಂತಿತು. ನಾನು ಮೆಣಸು ಬಿಟ್ಟು ಓಡಿದೆ. ಆಕೆಯ ಗಂಡನನ್ನು ಮಲಗಿಸಿ, ಕಾಲ ಕೆಳಗೆ ದಿಂಬು ಇಟ್ಟೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು. "ಹೀ ಈಸ್ ಕಮಿಂಗ್ ರೌಂಡ್" ಅಂತ ಆಕೆ ಅತ್ತೇಬಿಟ್ಟರು. ಚಿಕ್ಕಮಗಳೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಹೊಟ್ಟೆ ಖಾಲಿ, ನೀರೂ ಕಮ್ಮಿ ಆಗಿದೆ, ಗಾಬರಿ ಬೇಡ ಅಂದರು.

ರಾತ್ರಿ ನಮ್ಮ ಭಾವ ಊಟಕ್ಕೆ ಕೂತವರ ಮುಂದೆಲ್ಲ ಈ ಕಥೆ ಹೇಳಿ ನಕ್ಕರು. ಹುಡುಗಿ ಅಲ್ಲೇ ಅಕ್ಕಿರೊಟ್ಟಿ ಬಡಿಸುತ್ತಿದ್ದಳು. ಭಾವ ಕೆಟ್ಟವರಲ್ಲ. ಆದರೆ ಕಾನ್ವೆಂಟಿನಲ್ಲಿ ಓದಿದವರಿಗೆ ಇಂಗ್ಲಿಷ್ ಬಾರದವರ ಸಂಕಟ ಬೇಗ ಕಾಣುವುದಿಲ್ಲ. ನನಗೆ ಸಿಟ್ಟು ಬಂತು. ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಅದು ಇನ್ನೂ ಚುಚ್ಚುತ್ತಿದೆ.

ಅವಳದು ಏನು ತಪ್ಪು? ನಮ್ಮ ಕಡೆ ಎಲ್ಲರೂ ಕೇಳುವುದೇ "ಯಾವ ವರ್ಷದ ಪಾಸ್‌ಔಟ್?" ಅಂತ. ಅವಳ ಬಯೋಡೇಟಾದಲ್ಲೂ ಹಾಗೇ ಇದೆ. ಬ್ರಿಟನ್ನಿನಲ್ಲೂ ಸೈನ್ಯದ ತರಬೇತಿ ಮುಗಿಸಿದವರು ಪಾಸಿಂಗ್ ಔಟ್ ಪರೇಡ್ ಮಾಡುತ್ತಾರೆ. ನಾವು ಅದನ್ನು ಕಾಲೇಜಿಗೂ ತಂದುಕೊಂಡೆವು. ಅಲ್ಲಿಯ ಮನೆಮಾತಿನಲ್ಲಿ ಮಾತ್ರ ಅದಕ್ಕೆ ಎಚ್ಚರ ತಪ್ಪುವುದು ಅಂತ ಅರ್ಥ. ಆಕೆ "ಅನ್‌ಕಾನ್ಶಿಯಸ್" ಅಂದಿದ್ದರೆ ಹುಡುಗಿಗೆ ತಕ್ಷಣ ತಿಳಿಯುತ್ತಿತ್ತು. ದೊಡ್ಡ ಪದಗಳನ್ನೆಲ್ಲ ನಮಗೆ ಬಾಯಿಪಾಠ ಮಾಡಿಸಿದ್ದಾರೆ. ಪಾಸ್, ಪುಟ್, ಔಟ್, ಅಪ್ ಸುಲಭ ಅಂತ ಒಂದನೇ ಕ್ಲಾಸಿನಲ್ಲೇ ಬಿಟ್ಟು ಬಂದೆವು. ಎರಡು ಚಿಕ್ಕ ಪದ ಸೇರಿ ಮೂರನೆಯದೇ ಅರ್ಥ ಆಗುತ್ತದೆ ಅಂತ ಯಾರೂ ಹೇಳಲಿಲ್ಲ.

ಮಾರನೇ ದಿನ ಅವಳು ಒಂದು ನೋಟ್‌ಬುಕ್ ಹಿಡಿದು ಬಂದಳು. "ಪಾಸ್‌ಔಟ್ ಅಂದ್ರೆ ಏನು ಅಕ್ಕ? ಸರಿಯಾಗಿ ಹೇಳಿಕೊಡಿ."

ಹೇಗೆ ಹೇಳುವುದು ಅಂತ ಯೋಚಿಸುವಾಗ ನಮ್ಮ ಕನ್ನಡದ ಕೈ ನೆನಪಾಯಿತು. "ಕೈಕೊಟ್ಟ ಅಂದ್ರೆ?" ಅಂತ ಕೇಳಿದೆ. "ಮೋಸ ಮಾಡ್ದ." ಕೈಬಿಟ್ಟ? "ದೂರ ಮಾಡ್ದ." ಕೈಹಿಡಿದ? "ಮದುವೆ ಆದ" ಅಂತ ನಾಚಿದಳು. ಕೈಮಾಡಿದ? "ಹೊಡ್ದ." ಅದೇ ಕೈ. ಪಕ್ಕದ ಪದ ಬದಲಾದರೆ ಬಾಳೇ ಬದಲಾಗುತ್ತದೆ, ಅಲ್ವಾ? ಇಂಗ್ಲಿಷಿನಲ್ಲೂ ಹೀಗೇ ಅಂದೆ. ಪುಟ್ ಆಫ್ ಅಂದರೆ ಮುಂದೂಡುವುದು. ಪುಟ್ ಔಟ್ ಅಂದರೆ ಬೆಂಕಿ ಆರಿಸುವುದು. ಯಾರನ್ನಾದರೂ ಪುಟ್ ಅಪ್ ಮಾಡಿದರೆ ಮನೆಯಲ್ಲಿ ಇಳಿಸಿಕೊಂಡ ಹಾಗೆ, ನಮ್ಮ ಕೆಲಸವೇ ಅದು. ಅದಕ್ಕೆ ವಿತ್ ಸೇರಿದರೆ ಸಹಿಸಿಕೊಳ್ಳುವುದು. "ನಿನ್ನೆ ರಾತ್ರಿ ನಾನು ಮಾಡಿದ್ದು ಅದೇ ಅಲ್ವಾ ಅಕ್ಕ?" ಅಂದಳು. ನನ್ನಿಂದ ಏನೂ ಹೇಳಲಾಗಲಿಲ್ಲ.

ಪಾಸ್ ಅವೇ ಅಂದರೆ ತೀರಿಹೋಗುವುದು ಅಂತ ಹೇಳಿದಾಗ ಪೆನ್ನು ನಿಲ್ಲಿಸಿದಳು. "ಅವರು ಹಂಗೆ ಅಂದಿದ್ರೂ ನಾನು ವೆರಿ ಗುಡ್ ಅಂತಿದ್ದೆ." ಅವಳ ಕಣ್ಣು ತುಂಬಿತು. ಬೆನ್ನು ಸವರಿದೆ.

ಆಮೇಲೆ ನೋಟ್‌ಬುಕ್ ತೋರಿಸಿದಳು. ಪಾಸ್‌ಔಟ್ ಎದುರಿಗೆ ಮೊದಲು 'ಡಿಗ್ರಿ ಮುಗಿಸುವುದು' ಅಂತ ಇತ್ತು, ಅದರ ಕೆಳಗೆ 'ಎಚ್ಚರ ತಪ್ಪುವುದು'.

"ಮೇಲಿಂದು ಹೊಡೆದು ಹಾಕ್ಲಾ ಅಕ್ಕ?"

"ಬೇಡ, ಇರಲಿ. ಅದು ನಮ್ಮದು."