ಪಕ್ಕದವರು ಅವರ ಭಾಷೆಯಲ್ಲಿ ಮಾತಾಡಿಕೊಂಡರೆ ನಮಗೇನು ತೊಂದರೆ?

ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಊರು ಕುಂದಾಪುರ. ರಕ್ತದ ಸ್ಯಾಂಪಲ್ ತೆಗೆಯಲು ದಿನಾ ವಾರ್ಡ್ ವಾರ್ಡ್ ಸುತ್ತುವುದರಿಂದ ಇಡೀ ಆಸ್ಪತ್ರೆಯ ಭಾಷೆಗಳೆಲ್ಲ ಕಿವಿಗೆ ಬೀಳುತ್ತವೆ. ರೌಂಡ್ಸಿನಲ್ಲಿ ಡಾಕ್ಟರುಗಳ ಇಂಗ್ಲಿಷ್, ನರ್ಸುಗಳ ನಡುವೆ ಮಲಯಾಳಂ, ಆಯಾಗಳು ಕನ್ನಡ ತಮಿಳು ತೆಲುಗು ಮೂರನ್ನೂ ಕಲಸಿ ಆಡುವ ಮಾತು, ಗೇಟಿನಲ್ಲಿ ಸೆಕ್ಯೂರಿಟಿಯವರ ಅಸ್ಸಾಮಿ, ಒಡಿಯಾ.

ಇಷ್ಟು ಭಾಷೆಗಳಲ್ಲಿ ದೂರು ಬರುವುದು ಒಂದರ ಮೇಲೆ ಮಾತ್ರ. "ಈ ಸಿಸ್ಟರ್‌ಗಳು ಯಾವಾಗ ನೋಡಿದ್ರೂ ಮಲಯಾಳಂನಲ್ಲೇ ಮಾತಾಡ್ಕೋತಾರೆ, ನಮ್ಮ ಬಗ್ಗೆನೇ ಏನೋ ಹೇಳ್ತಿರ್ತಾರೆ." ರೋಗಿಯ ಕಡೆಯವರು ಹೇಳುತ್ತಾರೆ, ನಮ್ಮ ಸ್ಟಾಫಿನವರೂ ಹೇಳುತ್ತಾರೆ. ಅದೇ ರೋಗಿಯ ಹಾಸಿಗೆ ಪಕ್ಕ ನಿಂತು ಇಬ್ಬರು ಡಾಕ್ಟರುಗಳು ಅದೇ ರೋಗಿಯ ಬಗ್ಗೆ, ಅವರ ಲಿವರ್ ಬಗ್ಗೆ, ಆಪರೇಷನ್ ಬೇಕಾ ಬೇಡವಾ ಅನ್ನುವುದರ ಬಗ್ಗೆ ಇಂಗ್ಲಿಷಿನಲ್ಲಿ ಎಷ್ಟು ಹೊತ್ತು ಮಾತಾಡಿದರೂ ಯಾರೂ ದೂರು ಕೊಡುವುದಿಲ್ಲ. ಚನ್ನಪಟ್ಟಣದಿಂದ ಬಂದ ಆ ಅಜ್ಜಿಗೆ ಅದೂ ಅರ್ಥವಾಗದ ಭಾಷೆಯೇ ಅಲ್ವಾ? ಅಲ್ಲಿ ನಿಜವಾಗಿಯೂ ಅವರ ಬಗ್ಗೆಯೇ ಮಾತು ನಡೆಯುತ್ತಿರುತ್ತದೆ. ಸಿಸ್ಟರ್‌ಗಳು ಬಹುಶಃ ಓಣಂಗೆ ಯಾರಿಗೆ ರಜೆ ಸಿಕ್ಕಿತು ಅಂತ ಮಾತಾಡುತ್ತಿರುತ್ತಾರೆ.

2021ರ ಜೂನಿನಲ್ಲಿ ದೆಹಲಿಯಲ್ಲಿ ಆದದ್ದು ನಿಮಗೆ ನೆನಪಿರಬಹುದು. ಗೋವಿಂದ ವಲ್ಲಭ ಪಂತ್ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಕಡೆಯಿಂದ ಒಂದು ಸುತ್ತೋಲೆ ಹೊರಟಿತು. ಕೆಲಸದ ಜಾಗದಲ್ಲಿ ಮಲಯಾಳಂ ಬಳಸುತ್ತಾರೆ ಎಂದು ದೂರು ಬಂದಿದೆ, ಹೆಚ್ಚಿನ ರೋಗಿಗಳಿಗೂ ಸಹೋದ್ಯೋಗಿಗಳಿಗೂ ಆ ಭಾಷೆ ಬರುವುದಿಲ್ಲ, ಹಾಗಾಗಿ ನರ್ಸುಗಳೆಲ್ಲ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಮಾತಾಡಬೇಕು, ಇಲ್ಲದಿದ್ದರೆ ಗಂಭೀರ ಕ್ರಮ. ಕೋವಿಡ್ ಎರಡನೇ ಅಲೆಯ ಬೆನ್ನಲ್ಲೇ ಬಂದ ಆದೇಶ ಇದು. ಆ ನರ್ಸುಗಳು ತಿಂಗಳುಗಟ್ಟಲೆ ಪಿಪಿಇ ಕಿಟ್ಟಿನೊಳಗೆ ಬೆವರಿ ದುಡಿದಿದ್ದರು, ಅದಕ್ಕೆ ಸಿಕ್ಕ ಕಾಗದ ಅದು. ದೇಶದ ತುಂಬ ಗಲಾಟೆಯಾಯಿತು. ಮಾರನೇ ದಿನವೇ ಸುತ್ತೋಲೆ ವಾಪಸ್ ಹೋಯಿತು. ಆಡಳಿತಕ್ಕೆ ಗೊತ್ತಿಲ್ಲದೆ ಹೊರಟದ್ದು ಎಂದರು.

ಆ ಆದೇಶದಲ್ಲಿ ನನಗೆ ಚುಚ್ಚಿದ್ದು ಭಾಷೆಯ ಹೆಸರು ಹಿಡಿದು ಹೇಳಿದ್ದು. "ರೋಗಿಯ ಮುಂದೆ ರೋಗಿಗೆ ಅರ್ಥವಾಗುವ ಹಾಗೆ ಮಾತಾಡಿ" ಎಂದು ಬರೆದಿದ್ದರೆ ಯಾವ ನರ್ಸೂ ಬೇಡ ಅನ್ನುತ್ತಿರಲಿಲ್ಲ. ದೆಹಲಿಯ ರೋಗಿಯ ಹತ್ತಿರ ಮಲಯಾಳಂನಲ್ಲಿ ಮಾತಾಡಿ ಯಾರಿಗೆ ಏನು ಸಿಗುತ್ತದೆ? ಅವರು ಹಿಂದಿಯಲ್ಲೇ ಮಾತಾಡುತ್ತಾರೆ. ಮಲಯಾಳಂ ಇರುವುದು ಅವರವರ ನಡುವೆ. ಅದನ್ನೂ ನಿಲ್ಲಿಸಿ ಅನ್ನುವುದು ರೋಗಿಯ ಕಾಳಜಿ ಅಲ್ಲ.

ಭಾಷೆಯಿಂದ ಕೆಲಸ ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೆಡುತ್ತದೆ, ಜೀವವೂ ಹೋಗುತ್ತದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿ ವಿಮಾನಕ್ಕೆ ಕಜಕಿಸ್ತಾನದ ವಿಮಾನ ಡಿಕ್ಕಿ ಹೊಡೆದು 349 ಜನ ಸತ್ತರು. ಕಜಕ್ ವಿಮಾನ ತನಗೆ ಹೇಳಿದ ಎತ್ತರಕ್ಕಿಂತ ಕೆಳಗೆ ಇಳಿದಿತ್ತು, ಅದರ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ ಅನ್ನುವುದೂ ತನಿಖೆಯಲ್ಲಿ ಬಂತು. ಆಮೇಲೆ 2008ರಿಂದ ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳಿಗೂ ಕಂಟ್ರೋಲರ್‌ಗಳಿಗೂ ಇಂಗ್ಲಿಷಿನ ಮಟ್ಟ ಇಷ್ಟಿರಬೇಕು ಎಂಬ ನಿಯಮ ಜಾರಿಗೆ ಬಂತು. ಸರಿಯಾದ ನಿಯಮ. ಆದರೆ ಅದು ಹಿಡಿಯುವುದು ರೇಡಿಯೋ ಮೇಲಿನ ಮಾತನ್ನು. ಕ್ಯಾಂಟೀನಿನಲ್ಲಿ ಇಬ್ಬರು ಪೈಲಟ್‌ಗಳು ಯಾವ ಭಾಷೆಯಲ್ಲಿ ಹರಟುತ್ತಾರೆ ಅನ್ನುವುದು ಅದರ ಲೆಕ್ಕದಲ್ಲೇ ಇಲ್ಲ.

ನಮ್ಮ ಪಕ್ಕದಲ್ಲೇ ಆದ ಇನ್ನೊಂದು ಸಂಗತಿ ಇದೆ. ನನ್ನ ಪ್ರಕಾರ ಈ ವಿಷಯ ಪೂರ್ತಿ ಅದರೊಳಗಿದೆ. 2019ರ ಮೇ ತಿಂಗಳಲ್ಲಿ ಮಧುರೈ ಹತ್ತಿರ ತಿರುಮಂಗಲಂ ಮತ್ತು ಕಳ್ಳಿಗುಡಿ ನಡುವೆ ಒಂದೇ ಹಳಿಯ ಮೇಲೆ ಎರಡು ರೈಲು ಎದುರುಬದುರಾಗಿ ಹೊರಟಿದ್ದವು. ಪುಣ್ಯಕ್ಕೆ ಡಿಕ್ಕಿಯಾಗುವ ಮೊದಲೇ ನಿಲ್ಲಿಸಿದರು. ಒಬ್ಬ ಸ್ಟೇಷನ್ ಮಾಸ್ಟರ್ ತಮಿಳಿನವರು, ಇನ್ನೊಬ್ಬರು ಹಿಂದಿಯವರು, ಇವರು ಹೇಳಿದ್ದು ಅವರಿಗೆ ಸರಿಯಾಗಿ ತಲುಪಲಿಲ್ಲ ಎಂದು ಪತ್ರಿಕೆಗಳಲ್ಲಿ ಬಂತು. ಮುಂದಿನ ತಿಂಗಳೇ ದಕ್ಷಿಣ ರೈಲ್ವೆ ಸುತ್ತೋಲೆ ಹೊರಡಿಸಿತು: ಕಂಟ್ರೋಲ್ ಆಫೀಸು ಮತ್ತು ಸ್ಟೇಷನ್ ಮಾಸ್ಟರುಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಮಾತಾಡಬೇಕು, ಪ್ರಾದೇಶಿಕ ಭಾಷೆ ಬೇಡ. ತಮಿಳುನಾಡಿನೊಳಗೆ, ತಮಿಳು ಸ್ಟೇಷನ್ ಮಾಸ್ಟರ್ ಇನ್ನೊಬ್ಬ ತಮಿಳು ಸ್ಟೇಷನ್ ಮಾಸ್ಟರ್ ಹತ್ತಿರ ರೈಲು ಹೊರಟಿತು ಎಂದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಬೇಕಂತೆ! ಡಿಎಂಕೆಯವರು ಬೀದಿಗಿಳಿದರು, ರೈಲ್ವೆ ಆದೇಶ ಬದಲಾಯಿಸಿತು. ಹೊಸ ಆದೇಶದ ಸಾರ ಇಷ್ಟು: ಹೇಳಿದ್ದು ಎರಡೂ ಕಡೆಯವರಿಗೆ ಪೂರ್ತಿ ಅರ್ಥವಾಗಬೇಕು, ಅರ್ಥವಾಯಿತು ಎಂದು ಖಾತ್ರಿ ಮಾಡಿಕೊಳ್ಳುವುದು ಹೇಳಿದವರ ಜವಾಬ್ದಾರಿ.

ಮೊದಲೇ ಇದನ್ನು ಬರೆಯಬಹುದಿತ್ತಲ್ಲ! ಯಾವ ಭಾಷೆಯ ಹೆಸರೂ ಬೇಕಾಗಲಿಲ್ಲ. ಇನ್ನು ಅಪಾಯ ತಪ್ಪಿಸುವ ಕೆಲಸವನ್ನು ಹಳೆಯ ಆದೇಶಕ್ಕಿಂತ ಇದೇ ಚೆನ್ನಾಗಿ ಮಾಡುತ್ತದೆ. ಯಾಕೆಂದರೆ ಅರೆಬರೆ ಹಿಂದಿಯಲ್ಲಿ ಹೇಳಿ, ಅರೆಬರೆ ಹಿಂದಿಯಲ್ಲಿ ಕೇಳಿಸಿಕೊಂಡು, ಆದೇಶ ಪಾಲಿಸಿದೆವು ಎಂದು ಇಬ್ಬರೂ ಸುಮ್ಮನಿದ್ದರೆ ರೈಲು ಮತ್ತೆ ಎದುರುಬದುರೇ.

ಆಸ್ಪತ್ರೆಯಲ್ಲೂ ಇದೇ. ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ ಅಂತ ಇರುತ್ತದೆ. ರಾತ್ರಿಯವರು ಬೆಳಗಿನವರಿಗೆ ಪ್ರತಿ ಹಾಸಿಗೆಯ ಕಥೆ ಹೇಳುತ್ತಾರೆ: ಯಾವ ಡ್ರಿಪ್ ಓಡುತ್ತಿದೆ, ಕೊನೆಯ ಇನ್ಸುಲಿನ್ ಎಷ್ಟು ಗಂಟೆಗೆ, ಯಾವ ರಿಪೋರ್ಟ್ ಬರಬೇಕು. ಬರೆಯುವುದು ಇಂಗ್ಲಿಷಿನಲ್ಲಿ. ಇಬ್ಬರೂ ಮಲಯಾಳಿಗಳಾದರೆ ಬಾಯಲ್ಲಿ ಹೇಳುವುದು ಮಲಯಾಳಂನಲ್ಲಿ, ಔಷಧಿ ಹೆಸರು ಮತ್ತು ಅಂಕಿಗಳು ಇಂಗ್ಲಿಷಿನವು. ಹನ್ನೆರಡು ಗಂಟೆ ನೈಟ್ ಮುಗಿಸಿ ಕಣ್ಣು ಎಳೆಯುತ್ತಿರುವಾಗ ತಾಯಿಮಾತಿನಲ್ಲಿ ಹೇಳಿದರೆ ಒಂದು ಸಣ್ಣ ವಿಷಯವೂ ಬಿಟ್ಟುಹೋಗುವುದಿಲ್ಲ. "ಆ ಮೂರನೇ ಬೆಡ್ಡಿನವರು ರಾತ್ರಿಯಿಂದ ಯಾಕೋ ಸರಿಯಿಲ್ಲ ಚೇಚಿ, ಸ್ವಲ್ಪ ನೋಡ್ಕೊಳ್ಳಿ" ಅನ್ನುವ ಮಾತು ಯಾವ ಫಾರಂನಲ್ಲೂ ಇಲ್ಲ, ಕಲಿತ ಇಂಗ್ಲಿಷಿನಲ್ಲಿ ಅದು ಬಾಯಿಗೆ ಬರುವುದೂ ಕಷ್ಟ. ಆದರೆ ಆ ಶಿಫ್ಟಿನಲ್ಲಿ ಗದಗದ ಒಬ್ಬ ನರ್ಸ್ ಇದ್ದರೆ? ಆಗ ಎಲ್ಲರೂ ಅವರಿಗೆ ಗೊತ್ತಾಗುವ ಭಾಷೆಗೆ ಬರಲೇಬೇಕು. ಬರದಿದ್ದರೆ ಅದು ತಪ್ಪು, ಅದನ್ನು ಜೋರಾಗಿಯೇ ಹೇಳಬೇಕು. ಈ ವಿಷಯದಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ಅಮೆರಿಕದಲ್ಲಿ ಇದಕ್ಕೆ ಕೇಸುಗಳೇ ನಡೆದಿವೆ. ಅಲ್ಲಿನ ಸಮಾನ ಉದ್ಯೋಗ ಅವಕಾಶ ಆಯೋಗ 1980ರಲ್ಲೇ ಒಂದು ನಿಯಮ ಮಾಡಿತ್ತು. ಕೆಲಸದ ಜಾಗದಲ್ಲಿ ಸದಾಕಾಲ ಇಂಗ್ಲಿಷೇ ಮಾತಾಡಿ ಅನ್ನುವುದನ್ನು ತಾರತಮ್ಯ ಎಂದೇ ನೋಡಲಾಗುತ್ತದೆ, ಕೆಲಸಕ್ಕೆ ನಿಜವಾಗಿ ಬೇಕಿರುವ ಹೊತ್ತಿನಲ್ಲಿ ಮಾತ್ರ ಹಾಗೆ ಕೇಳಬಹುದು. ಆದರೆ ಕ್ಯಾಲಿಫೋರ್ನಿಯಾದ ಒಂದು ಮಾಂಸದ ಕಾರ್ಖಾನೆಯ ಸ್ಪ್ಯಾನಿಷ್ ಕೆಲಸಗಾರರ ಕೇಸಿನಲ್ಲಿ 1993ರಲ್ಲಿ ಮೇಲ್ಮನವಿ ಕೋರ್ಟ್ ಇದನ್ನು ಒಪ್ಪಲಿಲ್ಲ. ಎರಡೂ ಭಾಷೆ ಬರುವವರಿಗೆ ಇಂಗ್ಲಿಷಿನಲ್ಲೇ ಮಾತಾಡುವುದು ಏನು ಕಷ್ಟ ಎಂಬ ವಾದ ಗೆದ್ದಿತು. ಆ ತೀರ್ಪು ಕೊಟ್ಟವರು ಬೇರೆ ಭಾಷೆಯಲ್ಲಿ ಇಡೀ ದಿನ ದುಡಿದವರಲ್ಲ ಅನ್ನಿಸುತ್ತದೆ. ಭಾಷೆ ಬರುತ್ತದೆ ಅನ್ನುವುದು ಬೇರೆ, ಸುಸ್ತಾದಾಗ, ಸಿಟ್ಟು ಬಂದಾಗ, ಬೆರಳಿಗೆ ಸೂಜಿ ಚುಚ್ಚಿದಾಗ ಬಾಯಿಗೆ ತಾನಾಗಿ ಬರುವುದೇ ಬೇರೆ.

ನಮ್ಮ ಸೋದರಮಾವ ಹುಡುಗನಾಗಿದ್ದಾಗಲೇ ಮುಂಬೈಗೆ ಹೋಗಿ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದವರು. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಇಂಥ ಒಬ್ಬ ಮಾವನೋ ದೊಡ್ಡಪ್ಪನೋ ಇದ್ದೇ ಇರುತ್ತಾರೆ. ಅಡುಗೆಮನೆಯೊಳಗೆ ತುಳು ಮತ್ತು ಕುಂದಾಪ್ರ ಕನ್ನಡ, ಟೇಬಲ್ ಹತ್ತಿರ ಬಂದರೆ ಮರಾಠಿ, ಹಿಂದಿ. ಮುಂಬೈಯಲ್ಲಿ ಹೋಟೆಲ್ ಹುಡುಗರಿಗೆಂದೇ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲು ಲೋಟ ತೊಳೆದ ಹುಡುಗರು ರಾತ್ರಿ ಅಲ್ಲಿ ಕೂತು ಓದಿದರು, ಎಷ್ಟೋ ಜನ ಮುಂದೆ ಬ್ಯಾಂಕು, ಆಫೀಸು ಸೇರಿದರು. ಮಾವ ಹೇಳುತ್ತಿದ್ದರು, "ಒಳಗೆ ನಮ್ಮ ಭಾಷೆ ಇತ್ತು ಹೇಳಿಯೇ ಅಲ್ಲಿ ಉಳ್ಕಂಡದ್ದು, ಇಲ್ದಿದ್ರೆ ಓಡಿ ಬಪ್ಪುದೇ." ಆಗ ಪಕ್ಕದ ಟೇಬಲಿನ ಮರಾಠಿಯವರಿಗೂ ಅನ್ನಿಸಿರಬಹುದು, ಈ ಮದ್ರಾಸಿಗಳು ಒಳಗೆ ಏನೋ ಮಾತಾಡಿಕೊಳ್ಳುತ್ತಾರೆ ಅಂತ. ಇಂದು ಬೆಂಗಳೂರಿನ ಮಲಯಾಳಿ ಸಿಸ್ಟರ್ ನಿಂತಿರುವುದು ಮಾವ ಅವತ್ತು ನಿಂತಿದ್ದ ಜಾಗದಲ್ಲೇ. ಅದಕ್ಕೇ ಆ ದೂರು ಕೇಳಿದಾಗೆಲ್ಲ ನನಗೆ ಬೇಸರವಾಗುತ್ತದೆ.

ಆದರೆ ನನ್ನ ತಂಗಿಯ ಸಿಟ್ಟು ಬೇರೆ. ಅದನ್ನು ಇದರ ಜೊತೆ ಕಲಸಬಾರದು. ಅವಳು ವೈಟ್‌ಫೀಲ್ಡಿನ ಒಂದು ಐಟಿ ಕಂಪನಿಯಲ್ಲಿದ್ದಾಳೆ. ಮೀಟಿಂಗ್ ಇಂಗ್ಲಿಷಿನಲ್ಲಿ ಶುರುವಾಗುತ್ತದೆ, ಮಧ್ಯದಲ್ಲಿ ಮ್ಯಾನೇಜರ್ ಹಿಂದಿಗೆ ಜಾರುತ್ತಾರೆ, ಇಬ್ಬರು ಮೂವರು ಅದೇ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ, ರಿಲೀಸ್ ತಾರೀಕು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಉಳಿದದ್ದು ಟೀ ಬ್ರೇಕಿನಲ್ಲಿ, ಅದೂ ಹಿಂದಿಯಲ್ಲಿ. ತಂಗಿಗೂ ತಮಿಳಿನ ಇನ್ನೊಬ್ಬರಿಗೂ ಸಂಜೆ ಮೇಲ್ ಬಂದಾಗಲೇ ವಿಷಯ ಗೊತ್ತಾಗುವುದು. "ಇಂಗ್ಲಿಷ್ ಪ್ಲೀಸ್" ಅಂದರೆ ಒಂದು ನಿಮಿಷ ಸರಿಹೋಗುತ್ತದೆ, ಮತ್ತೆ ಅದೇ ಹಾಡು. ಕೆಲವು ಸಲ "ಇಷ್ಟು ವರ್ಷ ಆದ್ರೂ ಹಿಂದಿ ಬರಲ್ವಾ?" ಎಂದು ಕೇಳುತ್ತಾರಂತೆ. ಬೆಂಗಳೂರಿನಲ್ಲಿ, ಕನ್ನಡದವಳನ್ನು!

ಇದು ತಾಯಿಮಾತಿನ ಪ್ರೀತಿ ಅಲ್ಲ, ಯಾರು ಒಳಗೆ ಯಾರು ಹೊರಗೆ ಅನ್ನುವುದು ಇಲ್ಲಿ ಭಾಷೆಯಿಂದ ತೀರ್ಮಾನವಾಗುತ್ತಿದೆ. ಬಡ್ತಿ ಯಾರಿಗೆ, ಆನ್‌ಸೈಟ್ ಯಾರಿಗೆ, ಶನಿವಾರ ಯಾರು ಬರಬೇಕು, ಇವೆಲ್ಲ ನಡೆಯುವ ಮಾತಿನಲ್ಲಿ ಎಲ್ಲರೂ ಇರಬೇಕು. ಬಾಸ್ ತೆಲುಗಿನವರಾಗಿ ತೆಲುಗಿನವರ ಜೊತೆ ಹೀಗೆ ಮಾಡಿದರೂ ತಪ್ಪೇ, ಬಾಸ್ ಕನ್ನಡದವರಾಗಿ ಕನ್ನಡದವರ ಜೊತೆ ಮಾಡಿದರೂ ಅಷ್ಟೇ ತಪ್ಪು. ಅಧಿಕಾರ ಇರುವವರು ಬಾಯಿ ತೆರೆಯುವ ಮೊದಲು ಎದುರಿಗೆ ಯಾರು ಕೂತಿದ್ದಾರೆ ಎಂದು ನೋಡಬೇಕು. ನೈಟ್ ಮುಗಿಸಿ ಪ್ಯಾಂಟ್ರಿಯಲ್ಲಿ ಚಹಾ ಕುಡಿಯುವ ಇಬ್ಬರು ನರ್ಸುಗಳಿಂದ ಅದನ್ನು ಕೇಳುವುದು ಅನ್ಯಾಯ.

ನಮ್ಮವರ ಬಗ್ಗೆಯೂ ಒಂದು ಮಾತಿದೆ. ಆರು ಜನ ಕನ್ನಡದವರು ಊಟಕ್ಕೆ ಕೂತಿರುತ್ತಾರೆ, ಬೇರೆ ಭಾಷೆಯ ಒಬ್ಬರು ಬಂದು ಕೂತ ಕೂಡಲೇ ಆರೂ ಜನ ಇಂಗ್ಲಿಷಿಗೋ ಹಿಂದಿಗೋ ಹೋಗುತ್ತಾರೆ, ಅವರು ಎದ್ದು ಹೋದ ಮೇಲೂ ವಾಪಸ್ ಬರುವುದಿಲ್ಲ. ಬಂದವರ ಜೊತೆ ಅವರಿಗೆ ಅರ್ಥವಾಗುವ ಹಾಗೆ ಮಾತಾಡುವುದು ಒಳ್ಳೆಯದೇ. ಆದರೆ ಕನ್ನಡದವರು ಕನ್ನಡದವರ ಜೊತೆಗೂ ಕನ್ನಡ ಬಿಟ್ಟರೆ, ಎರಡು ವರ್ಷ ಇಲ್ಲಿದ್ದವರ ಕಿವಿಗೆ ಕನ್ನಡ ಬೀಳುವುದು ಯಾವಾಗ? ನಮ್ಮ ಲ್ಯಾಬಿನಲ್ಲಿ ಮಣಿಪುರದ ಹುಡುಗಿಯೊಬ್ಬಳಿದ್ದಾಳೆ. ಅವಳು ಕನ್ನಡ ಕಲಿತದ್ದು ನಾವು ಸುಮ್ನೆ ನಮ್ಮ ಪಾಡಿಗೆ ಮಾತಾಡುವುದನ್ನು ಕೇಳಿ ಕೇಳಿಯೇ. ಈಗ ಹುಬ್ಬಳ್ಳಿಯವರ ಕನ್ನಡಕ್ಕೂ ನನ್ನ ಕುಂದಾಪ್ರ ಕನ್ನಡಕ್ಕೂ ಇರುವ ವ್ಯತ್ಯಾಸವನ್ನೂ ಹೇಳುತ್ತಾಳೆ.

ಆಸ್ಪತ್ರೆಯಲ್ಲಿ ನಿಜವಾದ ಭಾಷೆಯ ತೊಂದರೆ ಇರುವುದು ನರ್ಸ್ ಮತ್ತು ರೋಗಿಯ ನಡುವೆ. ರೋಗಿಗಳು ಪುಸ್ತಕದ ಕನ್ನಡದಲ್ಲಿ ನೋವು ಹೇಳುವುದಿಲ್ಲ. ಹೊಟ್ಟೆ ತೊಳಸ್ತದೆ ಅನ್ನುತ್ತಾರೆ, ಎದೆ ಹಿಡಿದ ಹಾಗಿದೆ ಅನ್ನುತ್ತಾರೆ, ಕಣ್ಣು ಕತ್ತಲೆ ಬಂತು, ಕೈ ಜೋಮು ಹಿಡಿದಿದೆ ಅನ್ನುತ್ತಾರೆ. ಎದೆ ಹಿಡಿದ ಹಾಗಿದೆ ಅನ್ನುವುದು ಅರ್ಥವಾಗದೆ ಹೋದರೆ ಏನಾಗಬಹುದು ಎಂದು ನಾನು ಹೇಳಬೇಕಿಲ್ಲ. ಮ್ಯಾನೇಜ್‌ಮೆಂಟಿಗೆ ರೋಗಿಗಳ ಬಗ್ಗೆ ಅಷ್ಟು ಕಾಳಜಿ ಇದ್ದರೆ ನರ್ಸುಗಳ ಬಾಯಿಗೆ ಬೀಗ ಹಾಕುವುದು ಬಿಟ್ಟು ಅವರಿಗೆ ಈ ಕನ್ನಡ ಕಲಿಸಲಿ. ಡ್ಯೂಟಿ ಸಮಯದಲ್ಲೇ ಅರ್ಧ ಗಂಟೆ, ಸಂಬಳದ ಲೆಕ್ಕದಲ್ಲೇ. ಹನ್ನೆರಡು ಗಂಟೆ ನಿಂತು ದುಡಿದವರಿಗೆ ಹಾಸ್ಟೆಲಿಗೆ ಹೋಗಿ ಮೊಬೈಲ್ ನೋಡಿ ಕಲಿತುಕೊಳ್ಳಿ ಅಂದರೆ ಆಗುವ ಮಾತಲ್ಲ. ಕಲಿಸಲು ಹೊರಗಿನಿಂದ ಮೇಷ್ಟರನ್ನು ಕರೆಸುವುದೂ ಬೇಡ. ನಮ್ಮ ವಾರ್ಡಿನ ಆಯಾಗಳಿಗೆ ರೋಗಿಗಳ ಭಾಷೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಅವರಿಗೆ ಆ ಅರ್ಧ ಗಂಟೆಗೆ ಜಾಸ್ತಿ ದುಡ್ಡು ಕೊಟ್ಟು ಪಾಠ ಹೇಳಿಸಿ. ನಮ್ಮಲ್ಲಿ ಈ ಮಾತನ್ನು ಎಚ್‌ಆರ್‌ಗೆ ಬರೆದು ಕೊಟ್ಟಿದ್ದೇವೆ, ಮಲಯಾಳಿ ಸಿಸ್ಟರ್‌ಗಳೂ ಸಹಿ ಹಾಕಿದ್ದಾರೆ.