ನಿತ್ಯದ ತುರ್ತು ಪೌಚ್: ಒಂದೇ ಕೈಯ ಪರೀಕ್ಷೆಯಲ್ಲಿ ಉಳಿದವು, ಹೊರಬಿದ್ದವು

ದಿನವೂ ಜೊತೆಗೊಯ್ಯುವ ತುರ್ತು ಸಾಮಾನಿನ ಪೌಚ್ ಈಗ ಅರ್ಧಕ್ಕಿಳಿದಿದೆ. ಇಷ್ಟು ದಿನ ‘ಇದು ಬೇಕಾದೀತು’ ಎಂದು ಒಂದೊಂದೇ ಸೇರಿಸುತ್ತಿದ್ದೆ. ಈ ಸಲ ಒಂದೇ ಅಳತೆಗೋಲು ಇಟ್ಟುಕೊಂಡೆ: ದೀಪ ಆರಿಸಿದ ಕೋಣೆಯಲ್ಲಿ, ಎಡಗೈಯೊಂದರಿಂದಲೇ ಆ ವಸ್ತುವನ್ನು ಹುಡುಕಿ, ತೆಗೆದು, ಬಳಸಲು ಆಗಬೇಕು. ತುರ್ತಿನ ಹೊತ್ತಿನಲ್ಲಿ ಬಲಗೈಗೇ ಪೆಟ್ಟು ಬಿದ್ದಿರಬಹುದು, ಇಲ್ಲವೇ ಅದು ಯಾರದೋ ಗಾಯವನ್ನು ಒತ್ತಿ ಹಿಡಿದಿರಬಹುದು, ಮಗುವನ್ನು ಎತ್ತಿಕೊಂಡಿರಬಹುದು. ಎರಡು ಕೈ ಖಾಲಿ ಇರುತ್ತವೆ ಎಂಬ ಲೆಕ್ಕದಲ್ಲಿ ಕಟ್ಟಿದ ಕಿಟ್ ಬಗ್ಗೆ ನನಗೆ ನಂಬಿಕೆಯಿಲ್ಲ.

ಮೊದಲು ಹೊರಬಿದ್ದದ್ದು ತಲೆ ತಿರುಗಿಸಿ ಹೊತ್ತಿಸುವ ಟಾರ್ಚ್. ಹಿಡಿಯಲು ಒಂದು ಕೈ, ತಿರುಗಿಸಲು ಇನ್ನೊಂದು. ಅದರ ಜಾಗಕ್ಕೆ ಹಿಂಬದಿಯಲ್ಲಿ ಗುಂಡಿ ಇರುವ, ಒಂದೇ ಎಎಎ ಸೆಲ್ಲಿನ ಟಾರ್ಚ್ ಬಂದಿದೆ. ಒತ್ತಿದ ಕೂಡಲೇ ಮಂದ ಬೆಳಕೇ ಮೊದಲು ಬರುವಂಥದ್ದನ್ನು ಆರಿಸಿದೆ. ಮೆಟ್ಟಿಲು ಇಳಿಯಲು, ಔಷಧಿಯ ಲೇಬಲ್ ಓದಲು 5-10 ಲ್ಯೂಮೆನ್ (ಬೆಳಕಿನ ಅಳತೆ) ಧಾರಾಳ ಸಾಕು. ಪ್ರಖರ ಬೆಳಕಿನಲ್ಲಿ ಬೇಗ ಬರಿದಾಗುವ ಸೆಲ್ಲು ಮಂದ ಬೆಳಕಿನಲ್ಲಿ ಹತ್ತಾರು ಗಂಟೆ ಬಾಳುತ್ತದೆ. ಆಲ್ಕಲೈನ್ ಸೆಲ್ಲನ್ನು ಒಳಗೇ ಬಿಟ್ಟರೆ ಕ್ರಮೇಣ ಸೋರಿ ಟಾರ್ಚನ್ನೇ ಹಾಳುಮಾಡಬಹುದು. ಆದ್ದರಿಂದ ರೀಚಾರ್ಜ್ ಆಗದ 1.5 ವೋಲ್ಟಿನ ಲಿಥಿಯಂ ಸೆಲ್ ಹಾಕಿದ್ದೇನೆ. ಹಗುರ, ಚಳಿಗೂ ಜಗ್ಗುವುದಿಲ್ಲ.

ಸೀಟಿ ಪೌಚಿನಿಂದ ಹೊರಬಂದು ಚೀಲದ ಭುಜಪಟ್ಟಿ ಸೇರಿದೆ, ಗದ್ದ ಬಗ್ಗಿಸಿದರೆ ಬಾಯಿಗೆ ಸಿಗುವಷ್ಟು ಹತ್ತಿರ. ಒಳಗೆ ಗುಂಡು ಇಲ್ಲದ ಸೀಟಿಯೇ ಬೇಕು. ನೀರು, ಧೂಳು ಹೊಕ್ಕರೂ ಕಟ್ಟಿಕೊಳ್ಳುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ಕೂಗಿ ಕೂಗಿ ಗಂಟಲು ಕಟ್ಟುತ್ತದೆ, ಸೀಟಿಗೆ ಉಸಿರಿದ್ದರೆ ಸಾಕು.

ಹೆಚ್ಚು ಹೊತ್ತು ಹಿಡಿದದ್ದು ಗಾಯದ ಸಾಮಾನು. ಪ್ಲಾಸ್ಟರಿನ ಕಾಗದದ ಹೊದಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರೆ ಅದು ಅಂಚಿನಲ್ಲಷ್ಟೇ ಹರಿದು, ಪಟ್ಟಿ ಮಡಚಿ ತನಗೆ ತಾನೇ ಅಂಟಿಕೊಳ್ಳುತ್ತಿತ್ತು. ಈಗ ಪ್ಲಾಸ್ಟರ್ ಎರಡೇ, ಸಣ್ಣಪುಟ್ಟ ಗೀರುಗಳಿಗೆ. ಮುಖ್ಯ ಜಾಗ ಗಾಜ್ ಸುರುಳಿಗೆ, ಅಂದರೆ ಗಾಯಕ್ಕೆ ಒತ್ತಿ ಸುತ್ತುವ ತೆಳು ಬಟ್ಟೆಗೆ. ಅದರ ಪೊಟ್ಟಣದ ಅಂಚಿನಲ್ಲಿ ಕಚ್ಚು ಇದೆ. ಒಂದು ತುದಿಯನ್ನು ಮಂಡಿಯ ಸಂದಿಯಲ್ಲಿ ಸಿಕ್ಕಿಸಿ ಎಳೆದರೆ ನೇರವಾಗಿ ಹರಿಯುತ್ತದೆ. ರಕ್ತ ಸುರಿಯುವಾಗ ಮೊದಲ ಕೆಲಸ ಗಾಯದ ಮೇಲೆ ಗಟ್ಟಿಯಾಗಿ ಒತ್ತುವುದು, ಒತ್ತಿದ ಕೈ ತೆಗೆಯದಿರುವುದು.

ಕೈಕಾಲಿನ ರಕ್ತಸ್ರಾವ ಒತ್ತಿದರೂ ನಿಲ್ಲದಿದ್ದರೆ ಟೂರ್ನಿಕೆಟ್, ಅಂದರೆ ರಕ್ತ ಹರಿಯದಂತೆ ಬಿಗಿಯುವ ಪಟ್ಟಿ. ಕಡ್ಡಿ ತಿರುಗಿಸಿ ಬಿಗಿಯುವ ಒಳ್ಳೆಯ ಟೂರ್ನಿಕೆಟ್‌ಗಳನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳಲೆಂದೇ ರೂಪಿಸಿರುತ್ತಾರೆ. ಆದರೆ ಪಟ್ಟಿಯನ್ನು ಮೊದಲೇ ಬಕಲ್ಲಿನಲ್ಲಿ ತೂರಿಸಿ, ತೋಳು ನುಗ್ಗುವಷ್ಟು ಅಗಲದ ಕುಣಿಕೆ ಮಾಡಿಟ್ಟಿರಬೇಕು. ಗಾಯಕ್ಕಿಂತ 5-7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲಲ್ಲ, ರಕ್ತ ನಿಲ್ಲುವವರೆಗೆ ಬಿಗಿದು, ಕಟ್ಟಿದ ಸಮಯ ಬರೆದಿಡಬೇಕು. ಅಗ್ಗದ ನಕಲುಗಳಲ್ಲಿ ಕಡ್ಡಿಯೇ ಮುರಿಯುತ್ತದೆ. ಅವು ಬೇಡವೇ ಬೇಡ. ತರಬೇತಿ ತೆಗೆದುಕೊಂಡೇ ಇದನ್ನು ಸೇರಿಸಿದೆ, ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಬರೆಯಲು ಪೆನ್ಸಿಲ್ ತುಂಡೊಂದು ಜೊತೆಗಿದೆ.

ಪವರ್ ಬ್ಯಾಂಕ್ 10,000 ಎಂಎಎಚ್‌ನದು. ಆ ಅಂಕಿ ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್-ಅವರ್. 5 ವೋಲ್ಟಿಗೆ ಏರಿಸಿ, ಸೋರಿಕೆ ಕಳೆದರೆ ಫೋನಿನ ಕಡೆಗೆ ಹೊರಡುವುದು ಸುಮಾರು 6,500 ಎಂಎಎಚ್. ಇದು ತಿಳಿದ ಮೇಲೆ ಇನ್ನೂ ಚಿಕ್ಕದಕ್ಕೆ ಇಳಿಯುವ ಯೋಚನೆ ಬಿಟ್ಟೆ. ಕೇಬಲ್ಲಿನ ಒಂದು ತುದಿ ಸದಾ ಸಿಕ್ಕಿಸಿಯೇ ಇರುತ್ತದೆ.

ಫೋನೇ ಸತ್ತರೆ? ಅದಕ್ಕೊಂದು ನೀರು ತಾಗದ ಕಾರ್ಡ್: ರಕ್ತದ ಗುಂಪು, ಅಲರ್ಜಿ, ನಿತ್ಯ ನುಂಗುವ ಮಾತ್ರೆ, ಇಬ್ಬರ ನಂಬರ್. ಫೋನಿನ ಲಾಕ್ ಸ್ಕ್ರೀನಿನಲ್ಲೂ ಅದೇ ವಿವರ.

ಎನ್95 ಮಾಸ್ಕ್ ಬಗ್ಗೆ ಬಹಳ ಯೋಚಿಸಿದೆ. ಮುಖಕ್ಕೆ ಸರಿಯಾಗಿ ಕೂತರೆ ಅದರ ಪದರ 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲೂ ಶೇ 95ರಷ್ಟನ್ನಾದರೂ ತಡೆಯುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ತಡೆಯುವುದಿಲ್ಲ. ಹಾಗಾಗಿ ಬೆಂಕಿಯ ಹೊಗೆಯೊಳಗೆ ನುಗ್ಗಲು ಅದು ಪರವಾನಗಿಯಲ್ಲ, ಧೂಳಿಗೆಂದು ಉಳಿಸಿಕೊಂಡೆ. ಅದರ ಎರಡು ಪಟ್ಟಿಗಳನ್ನು ಒಂದೇ ಕೈಯಲ್ಲಿ ತಲೆಯ ಹಿಂದೆ ದಾಟಿಸಿ, ಮೂಗಿನ ತಂತಿ ಒತ್ತಲು ಬರುತ್ತದೆ, ಅಭ್ಯಾಸ ಬೇಕು ಅಷ್ಟೇ.

ನಿಯಮಕ್ಕೆ ಹೊರತಾಗಿ ಉಳಿದದ್ದು ಶಾಖ ಹಿಡಿದಿಡುವ ತೆಳು ಹಾಳೆಯ ಹೊದಿಕೆ. ಅದನ್ನು ಒಂದೇ ಕೈಯಲ್ಲಿ ಬಿಡಿಸಲು ಸಾಧ್ಯವೇ ಇಲ್ಲ. ಆದರೆ ನೆಲದ ಮೇಲೆ ಮಲಗಿಸಿದ ಗಾಯಾಳು ಬೇಗ ತಣ್ಣಗಾಗುತ್ತಾರೆ, ಅಷ್ಟು ಹಗುರವಾದ ಬೇರೆ ಉಪಾಯ ನನಗೆ ಸಿಕ್ಕಿಲ್ಲ. ಚಾಕು, ಇಕ್ಕಳ ಎಲ್ಲ ಒಂದರಲ್ಲೇ ಮಡಚಿರುವ ದೊಡ್ಡ ಮಲ್ಟಿಟೂಲ್ ಮಾತ್ರ ಮನೆಯಲ್ಲೇ ಉಳಿಯಿತು: ಭಾರ, ವಿಮಾನದ ಕೈಚೀಲದಲ್ಲಿ ಬ್ಲೇಡಿಗೆ ತಕರಾರು, ಎಡಗೈಗೆ ಅದರ ಬೀಗ ಬಗ್ಗುವುದೂ ಇಲ್ಲ.

ಜಿಪ್ಪಿನ ಲೋಹದ ನಾಲಿಗೆಗೆ ದಪ್ಪ ದಾರದ ಕುಣಿಕೆ ಕಟ್ಟಿದ್ದೇನೆ. ಕೈಗವಸು ತೊಟ್ಟ ಬೆರಳಿಗೂ ಅದು ಸಿಗುತ್ತದೆಯೇ ನೋಡಬೇಕು. ಆಮೇಲೆ ಮನೆಯ ಉಳಿದವರ ಕೈಗೆ ಪೌಚ್ ಕೊಟ್ಟು, ಏನೂ ಹೇಳದೆ, ಕತ್ತಲಲ್ಲಿ ಗಾಜ್ ಹುಡುಕಲು ಕೇಳುವುದಿದೆ.