‘ಆ ಹಡಗುಗಳು ಯಾರ ಪರ?’ ಎಂದು ಕೇಳುವವರಿಗೆ

ಫ್ರೆಂಚ್ ಯುದ್ಧಹಡಗುಗಳ ಬಗ್ಗೆ ನಾನು ಮಾತು ತೆಗೆದರೆ ಸಾಕು, ಒಂದೇ ಪ್ರಶ್ನೆ ಬರುತ್ತದೆ: ‘ಎರಡನೇ ಮಹಾಯುದ್ಧದಲ್ಲಿ ಅವು ಯಾರ ಪರ ಇದ್ದವು?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಫ್ರಾನ್ಸಿನ ಲ ಫಾಂಟಾಸ್ಕ್ ವರ್ಗದ ಡಿಸ್ಟ್ರಾಯರ್‌ಗಳನ್ನೇ (ವೇಗದ ಯುದ್ಧಹಡಗುಗಳು) ತೆಗೆದುಕೊಳ್ಳಿ. ಒಟ್ಟು ಆರು. ಅವುಗಳ ವೇಗಕ್ಕೆ ಸಾಟಿ ಇರಲಿಲ್ಲ. 1935ರ ಪರೀಕ್ಷೆಯಲ್ಲಿ ಆರರಲ್ಲೊಂದಾದ ಲ ತೆರಿಬ್ಲ್ 45 ನಾಟ್ ದಾಟಿತು, ಅಂದರೆ ಗಂಟೆಗೆ 83 ಕಿಲೋಮೀಟರ್.

1940ರ ಜೂನ್‌ನಲ್ಲಿ ಫ್ರಾನ್ಸ್ ಸೋತು ಜರ್ಮನಿಯ ಜೊತೆ ಕದನವಿರಾಮಕ್ಕೆ ಸಹಿ ಹಾಕಿತು. ಈ ಹಡಗುಗಳು ಹಿಟ್ಲರನ ಕೈಸೇರುತ್ತವೆ ಎಂಬ ಭಯ ಬ್ರಿಟಿಷರಿಗೆ. ಜುಲೈ 3ರಂದು ತಮ್ಮ ಬಂದರಿನಲ್ಲಿದ್ದ, ಇದೇ ವರ್ಗದ ಲ ಟ್ರಿಯೋಂಫಾಂ ಹಡಗನ್ನು ವಶಪಡಿಸಿಕೊಂಡರು. ಅದೇ ದಿನ ಅಲ್ಜೀರಿಯಾದ ಮೆರ್ಸ್-ಎಲ್-ಕೆಬಿರ್‌ನಲ್ಲಿ ಫ್ರೆಂಚ್ ಹಡಗುಗಳ ಮೇಲೆ ಗುಂಡು ಹಾರಿಸಿದರು. ಸತ್ತ ಫ್ರೆಂಚರು 1,297 ಮಂದಿ. ಲ ತೆರಿಬ್ಲ್ ಹೇಗೋ ತಪ್ಪಿಸಿಕೊಂಡಿತು. ಕೆಲವು ವಾರಗಳ ಹಿಂದಷ್ಟೇ ಇವರೆಲ್ಲ ಒಟ್ಟಿಗೆ ಹೋರಾಡುತ್ತಿದ್ದವರು!

ಕದನವಿರಾಮ ಒಪ್ಪದೆ ಬ್ರಿಟನ್ನಿನಿಂದ ಹೋರಾಟ ಮುಂದುವರಿಸಿದ ಫ್ರೆಂಚ್ ಸೇನಾನಿ ದ ಗಾಲ್ ಅವರ ಕಡೆ ಟ್ರಿಯೋಂಫಾಂ ಸೇರಿತು. ಸೆಪ್ಟೆಂಬರ್‌ನಲ್ಲಿ ಅದೇ ದ ಗಾಲ್ ಬ್ರಿಟಿಷ್ ನೌಕಾಪಡೆಯ ಜೊತೆ ಪಶ್ಚಿಮ ಆಫ್ರಿಕಾದ ಡಕಾರ್‌ಗೆ ಬಂದಾಗ, ಇದೇ ವರ್ಗದ ಲೋದಾಸ್ಯೂ ಎದುರು ಪಾಳಯದಲ್ಲಿತ್ತು, ಅಂದರೆ ಕದನವಿರಾಮ ಒಪ್ಪಿದ ಫ್ರೆಂಚ್ ಸರ್ಕಾರದ ಕಡೆ. ಆಸ್ಟ್ರೇಲಿಯಾದ ಕ್ರೂಸರ್ ಒಂದು ಅದಕ್ಕೆ ಬೆಂಕಿ ಹಚ್ಚಿತು. ಈಗ ಹೇಳಿ, ಯಾರ ಪರ?

ಒಮ್ಮೆ ಮದುವೆ ಊಟದಲ್ಲಿ ಪಕ್ಕದ ಎಲೆಯವರು, ‘ಅಯ್ಯೋ, ತಮ್ಮ ಹಡಗು ತಾವೇ ಮುಳುಗಿಸಿಕೊಂಡವರಲ್ವಾ ಅವರು!’ ಎಂದು ನಕ್ಕರು. ಹೋಳಿಗೆ ಮುಗಿಸಲೂ ಮನಸ್ಸಾಗಲಿಲ್ಲ. ಹೌದು, 1942ರ ನವೆಂಬರ್ 27ರಂದು ದಕ್ಷಿಣ ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ಮುಳುಗಿಸಿದರು. ಇದೇ ವರ್ಗದ ಲ್ಯಾಂಡೊಂತಾಬ್ಲ್ ಅಲ್ಲೇ ಹೋಯಿತು. ಜರ್ಮನ್ ಸೈನಿಕರು ಬಂದರಿನೊಳಗೆ ನುಗ್ಗುತ್ತಿದ್ದರು. ಹಡಗು ಜರ್ಮನರಿಗೆ ಸಿಗಲು ಬಿಡುವುದಿಲ್ಲ ಎಂದು ಫ್ರೆಂಚ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ದಾರ್ಲಾಂ 1940ರಲ್ಲೇ ಮಾತು ಕೊಟ್ಟಿದ್ದರು. ಕೊಟ್ಟ ಮಾತು ನಡೆಯಿತು. ನಗುವುದಕ್ಕೆ ಏನಿದೆ ಅದರಲ್ಲಿ?

‘ಯಾರ ಪರ’ ಅನ್ನುವ ಬದಲು ‘ಒಳಗಿದ್ದ ನಾವಿಕರಿಗೆ ಹೇಗಿತ್ತು’ ಎಂದು ಯಾರಾದರೂ ಕೇಳಬಾರದೇ? ಆಗ ನಾನು ಇದೇ ವರ್ಗದ ಲ ಮಲ್ಯಾಂ ಬಗ್ಗೆ ಹೇಳುತ್ತೇನೆ. 1942ರ ನವೆಂಬರ್ 8ರಂದು, ಅಮೆರಿಕನ್ನರು ಉತ್ತರ ಆಫ್ರಿಕಾದಲ್ಲಿ ಇಳಿದ ದಿನ, ಅದು ಮೊರಾಕೊದ ಕಾಸಾಬ್ಲಾಂಕಾ ಬಂದರಿನಲ್ಲಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ಯುದ್ಧನೌಕೆಯ ಶೆಲ್ ಅದರ ಒಡಲಿಗೆ ಬಿತ್ತು. ಆಮೇಲೆ ಅಲ್ಲಿನ ಫ್ರೆಂಚರು ಮಿತ್ರಪಕ್ಷ ಸೇರಿದರು; ಮರುವರ್ಷ ಅದೇ ಅಮೆರಿಕನ್ನರು ಬಾಸ್ಟನ್‌ನಲ್ಲಿ ಅದನ್ನು ಸಜ್ಜುಗೊಳಿಸಿದರು, ರಾಡಾರ್ ಕೂರಿಸಿದರು, ವಿಮಾನ ಹೊಡೆಯುವ ಹೊಸ ಫಿರಂಗಿಗಳನ್ನು ಕೊಟ್ಟರು. ಜೊತೆಗಾರರನ್ನು ಕೊಂದವರ ಕೈಯಿಂದಲೇ ಆಯುಧ ತೆಗೆದುಕೊಳ್ಳುವುದು ಸುಮ್ನೆ ಅಲ್ಲ. ಆದರೂ ಹೊರಟರು. 1944ರ ಫೆಬ್ರವರಿ 29ರ ರಾತ್ರಿ ಏಡ್ರಿಯಾಟಿಕ್ ಸಮುದ್ರದ ಇಸ್ಟ್ ದ್ವೀಪದ ಬಳಿ ಮಲ್ಯಾಂ, ತೆರಿಬ್ಲ್ ಎರಡೂ ಸೇರಿ ಜರ್ಮನ್ ಸರಕು ಹಡಗೊಂದನ್ನೂ ಅದರ ಕಾವಲು ಹಡಗನ್ನೂ ಹೊಡೆದವು.

ಟ್ರಿಯೋಂಫಾಂ ಕಥೆಯೂ ಇದೆ. 1942ರ ಫೆಬ್ರವರಿಯಲ್ಲಿ, ಜಪಾನೀಯರು ಬರುವ ಮೊದಲು, ಅದು ಪೆಸಿಫಿಕ್‌ನ ನೌರು ದ್ವೀಪದಿಂದ ಯುರೋಪಿಯನ್ನರನ್ನೂ ನೂರಾರು ಚೀನೀ ಕೂಲಿಗಳನ್ನೂ ಹತ್ತಿಸಿಕೊಂಡು ಹೋಯಿತು. ಆದರೆ ದ್ವೀಪದ ಮೂಲಜನ ಅಲ್ಲೇ ಉಳಿದರು. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ, ಆ ಹಡಗನ್ನು ಎಷ್ಟೇ ಮೆಚ್ಚಿದರೂ.

1944ರ ಕ್ರಿಸ್‌ಮಸ್ ದಿನ ನೇಪಲ್ಸ್ ಹತ್ತಿರ ಮಲ್ಯಾಂ ಮತ್ತು ತೆರಿಬ್ಲ್ ಒಂದಕ್ಕೊಂದು ಡಿಕ್ಕಿ ಹೊಡೆದವು. ಮಲ್ಯಾಂನ ಮೂತಿಯೇ ಕಿತ್ತುಹೋಯಿತು. ಆಮೇಲೆ ಅದಕ್ಕೆ ಜೋಡಿಸಿದ್ದು, ತೂಲೋನ್‌ನಲ್ಲಿ ಮುಳುಗಿದ್ದ ಲ್ಯಾಂಡೊಂತಾಬ್ಲ್‌ನ ಮುಂಭಾಗವನ್ನು.